ಕಮಲಾಬಾಯಿಯ ನೇಮ, ಸಿದ್ಧಾಂತನ ಟೋಸ್ಟು

ಕಮಲಾಬಾಯಿಗೆ ಸಿಟ್ಟು ಬಂದರೆ ಉಳಿದವರ ಹಾಗೆ ಬೈಯುವುದಿಲ್ಲ, ಪಾತ್ರೆ ಕುಕ್ಕುವುದಿಲ್ಲ. ನೇಮ ಹಿಡಿಯುತ್ತಾಳೆ. ತೇರದಾಳದ ಬಸದಿ ಓಣಿಯಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು. ಗಂಡ ಬದುಕಿದ್ದಾಗ ಒಂದು ಸಲ ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ಗೊಣಗಿದ. ಈಕೆ ವರ್ಷಗಟ್ಟಲೆ ಸಕ್ಕರೆಯನ್ನೇ ಬಿಟ್ಟಳು. ಹಾಲಿನವ ಎದುರು ಮಾತಾಡಿದ ಎಂದು ಒಂದು ಚಾತುರ್ಮಾಸ ಪೂರ್ತಿ ಹಾಲು ಬಿಟ್ಟಳು. ಹಾಲಿನವನಿಗೆ ಏನೂ ಆಗಲಿಲ್ಲ, ಈಕೆಯ ಮೊಣಕಾಲು ಹಿಡಿದುಕೊಂಡವು. ಬೇರೆಯವರು ತಮಗೆ ಪುಣ್ಯ ಬರಲೆಂದು ಇಷ್ಟದ ತಿನಿಸು ಬಿಟ್ಟರೆ, ಕಮಲಾಬಾಯಿ ಎದುರಿನವರಿಗೆ ಬುದ್ಧಿ ಬರಲೆಂದು ಬಿಡುವವಳು. ಆದರೆ ಒಂದು ಮಾತು ಹೇಳಬೇಕು: ಹಿಡಿದ ನೇಮವನ್ನು ನಡುವೆ ಮುರಿದವಳಲ್ಲ.

ಈ ವರ್ಷದ ನೇಮ ಬಿದ್ದದ್ದು ಮೊಮ್ಮಗನ ಮೇಲೆ.

ಮೊಮ್ಮಗ ಸಿದ್ಧಾಂತ ಕೊಲ್ಹಾಪುರದಲ್ಲಿ ಹೋಟೆಲಿನ ಕಲಿಕೆ ಮುಗಿಸಿ ಗೋವಾದಲ್ಲಿ ಸಮುದ್ರದ ದಂಡೆಯ ಒಂದು ದೊಡ್ಡ ಹೋಟೆಲಿನಲ್ಲಿ ಅಡಿಗೆಯವನಾಗಿದ್ದ. ಅವನ ಅಪ್ಪ ಭೂಪಾಲ ಮಹಾಲಿಂಗಪುರದಲ್ಲಿ ಬೆಲ್ಲದ ಅಡತಿ ಅಂಗಡಿ ಇಟ್ಟವ. ಊರವರ ಮುಂದೆ ಮಾತ್ರ ಮಗ ಪುಣೆಯಲ್ಲಿದ್ದಾನೆಂದು ಹೇಳುತ್ತಿದ್ದ. ಗೋವಾ ಎಂದರೆ ಜನ ಮೊದಲು ಬಾಟಲಿಯ ಸುದ್ದಿ ತೆಗೆಯುತ್ತಾರೆ ಎಂಬ ಅಳುಕು ಅವನಿಗೆ. ಮಳೆಗಾಲಕ್ಕೆ ಹೋಟೆಲು ಅರ್ಧ ಮುಚ್ಚಿತು, ಜೂನಿನಲ್ಲಿ ಹುಡುಗ ಮನೆಗೆ ಬಂದ.

ಬಂದವನು ಸುಮ್ಮನೆ ಕೂಡಲಿಲ್ಲ. ಜಮಖಂಡಿಯಿಂದ ಬ್ರೆಡ್ಡು ತಂದು, ತುಪ್ಪದಲ್ಲಿ ಗರಿಗರಿ ಕಾಯಿಸಿ, ಮೇಲೆ ಟೊಮೆಟೊ, ಹಸಿಮೆಣಸಿನಕಾಯಿ ಹಾಕಿ ಸಂಜೆಗೆ ಕೊಡುತ್ತಿದ್ದ. ಕಮಲಾಬಾಯಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವಳು. ಆದರೂ ಊಟಕ್ಕಿಂತ ಮೊದಲು ಎರಡು ಟೋಸ್ಟು ಹೊಟ್ಟೆಗೆ ಇಳಿಸುತ್ತಿದ್ದಳು.

"ಎಲ್ಲಾ ಛಲೋ ಐತಿ, ಉಪ್ಪೊಂದ ಕಮ್ಮಿ," ಎಂದು ಭೂಪಾಲ ದಿನಾಲೂ ಅನ್ನುತ್ತಿದ್ದ.

"ಮ್ಯಾಲ ಹಾಕ್ಕೊಳ್ರಿ ಅಪ್ಪಾ," ಎಂದು ಹುಡುಗ ಉಪ್ಪಿನ ಡಬ್ಬಿ ಮುಂದಿಡುತ್ತಿದ್ದ. ದೊಡ್ಡ ಊರಿನವರು ಉಪ್ಪು ಕಡಿಮೆ ತಿನ್ನುತ್ತಾರೇನೋ ಎಂದುಕೊಂಡಳು ಕಮಲಾಬಾಯಿ.

ಚಾತುರ್ಮಾಸ ಹಿಡಿಯುವ ಹಿಂದಿನ ದಿನ ಸಿದ್ಧಾಂತ ಅಜ್ಜಿಯ ಹೊರಸಿನ ಮೇಲೆ ಕೂತು ಮೊಬೈಲಿನಲ್ಲಿ ಫೋಟೊ ತೋರಿಸುತ್ತಿದ್ದ. ಬಿಳಿ ಟೊಪ್ಪಿಗೆ, ಕೊರಳಲ್ಲಿ ಪದಕ, ಕೈಯಲ್ಲಿ ತಟ್ಟೆ. ಹೋಟೆಲಿನವರು ಯಾವುದೋ ಪಾರ್ಟಿಯಲ್ಲಿ ಅವನಿಗೆ ಬಹುಮಾನ ಕೊಟ್ಟಿದ್ದರು.

"ಕೈಯಾಗ ಏನ ಹಿಡದಿಯೋ? ನಮ್ಮ ಟೋಸ್ಟಿನಂಗ ಕಾಣತೈತಿ."

"ಟೋಸ್ಟೇ ಆಯಿ. ಬಂದ ಮಂದಿಗೆ ಊಟಕ್ಕಿಂತ ಮೊದಲ ಕೊಡತಾರ. ಇದಕ್ಕ ಬಹುಮಾನ ಬಂತು."

"ಮ್ಯಾಲ ಕರ್ರಗ ಏನೈತಿ? ಬದನಿಕಾಯೇನು?"

ಸೊಸೆ ಭಾಗ್ಯಾ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಮಗನತ್ತ ಕಣ್ಣು ಅಗಲಿಸಿ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು. ಆದರೆ ಈ ಹುಡುಗನಿಗೆ ಹುಟ್ಟಿದಾಗಿನಿಂದ ಒಂದು ಕೆಟ್ಟ ಚಟ, ನೇರವಾಗಿ ಕೇಳಿದರೆ ಸುಳ್ಳು ಬಾರದು.

"ಬೀಫ್, ಆಯಿ. ದನದ್ದು."

ಕಮಲಾಬಾಯಿ ಮೊಬೈಲನ್ನು ಕೆಂಡ ಬಿಟ್ಟ ಹಾಗೆ ಹಾಸಿಗೆಯ ಮೇಲೆ ಬಿಟ್ಟಳು. "ತಿಂದಿ?"

"ಇಲ್ಲ, ದೇವರಾಣಿ. ಮಾಡೂದಷ್ಟೇ ಮಾಡೇನಿ. ನಾಲಿಗಿ ಮ್ಯಾಲ ಇಟ್ಟಿಲ್ಲ. ಉಪ್ಪು ಖಾರ ನೋಡಾಕ ಅಂತೋನಿ ಅಂತ ಒಬ್ಬ ಇದ್ದ."

"ರುಚಿ ನೋಡದನ ಯಾರರ ಅಡಗಿ ಮಾಡತಾರೇನಲೇ? ಯಾರ ಕಿವ್ಯಾಗ ಹೂ ಇಡತಿ? ಬಹುಮಾನ ಬ್ಯಾರೆ ತಗೊಂಡಾನಂತ!"

"ಖರೇನ ತಿಂದಿಲ್ಲ ಆಯಿ."

"ತಿಂದಿಲ್ಲಂತ್ರೂ ಏನ ಉಳೀತು? ಮಾಡಿದರೂ ಪಾಪ, ಮಾಡಿಸಿದರೂ ಪಾಪ, ಮಾಡಿದವಗ ಹೌದ್ ಹೌದ್ ಅಂದ್ರೂ ಪಾಪ. ಸಾಲ್ಯಾಗ ಕಲಸಲಿಲ್ಲೇನು ನಿನಗ ಇದನ್ನ?"

ಭಾಗ್ಯಾ ಮೊರ ಬಿಟ್ಟು ಎದ್ದಳು. "ಅತ್ತ್ಯಾರ, ಸಿಟ್ಟಿನ ಕೈಯಾಗ ಬುದ್ಧಿ ಕೊಡಬ್ಯಾಡ್ರಿ. ನಾಳಿ ಮಾತಾಡೂಣಂತ."

ತಡವಾಗಿತ್ತು. ಕಮಲಾಬಾಯಿ ದೇವರ ಗೂಡಿನ ಮುಂದೆ ನಿಂತು ಕೈ ಮುಗಿದಿದ್ದಳು. ದೀಪಾವಳಿಯ ಬೆಳಗ್ಗೆ ಬಸದಿಯಲ್ಲಿ ಮಹಾವೀರನಿಗೆ ನಿರ್ವಾಣ ಲಾಡು ಏರಿಸುವವರೆಗೆ ಈ ಹುಡುಗನ ಕೈಯಿಂದ ಆದದ್ದು ಒಂದು ತುತ್ತು, ಒಂದು ಗುಟುಕು ನೀರು ಸಹ ತನಗೆ ತ್ಯಾಗ ಎಂದು ಗಟ್ಟಿ ದನಿಯಲ್ಲಿ ಹೇಳಿಯೇಬಿಟ್ಟಳು. ಹೇಳಿ ಮುಗಿಯುತ್ತಲೇ ತುಸು ಹೆಚ್ಚಾಯಿತೇನೋ ಅನಿಸಿತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನದಿಂದ ಆ ಮನೆಯಲ್ಲಿ ಎರಡು ಒಲೆ. ಒಳಗಿನ ಗ್ಯಾಸಿನ ಮೇಲೆ ಭಾಗ್ಯಾ ಮಾಡುವಳು, ಮಗ ಕೈ ಹಚ್ಚುವನು. ಹಿತ್ತಲಿನ ತಗಡಿನ ಕೆಳಗೆ ಕಮಲಾಬಾಯಿ ತನ್ನ ರೊಟ್ಟಿ ತಾನು ಬಡಿದುಕೊಳ್ಳುವಳು. ಮಳೆಯಲ್ಲಿ ಕಟ್ಟಿಗೆ ಹಸಿ. ಊದಿ ಊದಿ ಕಣ್ಣು ಕೆಂಪಾದರೂ ಒಳಗೆ ಬಾ ಅಂದರೆ ಬರುವುದಿಲ್ಲ. ಒಂದು ದಿನ ಸಿದ್ಧಾಂತ ಪಾಪ ಎಂದು ಅಜ್ಜಿಯ ಕೊಡಕ್ಕೆ ನೀರು ಸೋಸಿ ತುಂಬಿಟ್ಟ. ಕಮಲಾಬಾಯಿ ಅಷ್ಟೂ ನೀರನ್ನು ದಾಸವಾಳದ ಬುಡಕ್ಕೆ ಸುರಿದು ಹೊಸದಾಗಿ ತುಂಬಿದಳು.

"ದಾಸಾಳಕ್ಕ ನನ್ನ ಕೈಯಿಂದ ನಡೀತೈತಿ ಅಂದಂಗಾತು," ಅಂದ ಹುಡುಗ, ನಗುತ್ತ.

ನಗಬಾರದೆಂದು ಕಮಲಾಬಾಯಿ ಮುಖ ತಿರುಗಿಸಿದಳು. ಈ ಹುಡುಗ ಸಿಟ್ಟಾಗಿದ್ದರೆ ಎಷ್ಟೋ ಸುಲಭವಿತ್ತು. ಸಿಟ್ಟಿಗೆ ಸಿಟ್ಟು ಕೊಟ್ಟು ಹಗುರಾಗಬಹುದು. ಇವನು ಬೆಳಗಾದರೆ "ಆಯಿ, ಮೊಣಕಾಲ ಹೆಂಗದಾವು?" ಎಂದು ಕೇಳುತ್ತಾನೆ. ಅದಕ್ಕೇನು ಮಾಡುವುದು?

ಸಿಟ್ಟಾದವಳು ಭಾಗ್ಯಾ. ಒಂದು ಸಂಜೆ ಎರಡು ಕಡೆಯ ಪಾತ್ರೆ ಗುಡ್ಡೆ ಹಾಕಿಕೊಂಡು ತಿಕ್ಕುತ್ತ ಕೂತವಳು ಗಂಡ ಅಂಗಡಿಯಿಂದ ಬರುತ್ತಲೇ ಹಿಡಿದುಕೊಂಡಳು.

"ಏನ್ರಿ, ಒಲಿ ಎರಡ ಆದವು, ತವಿ ಎರಡ ಆದವು. ತಿಕ್ಕೂ ಕೈ ಮಾತ್ರ ಇವ ಎರಡೇ. ಮತ್ತೆರಡ ಎಲ್ಲಿಂದ ತರಲಿ?"

"ಅವ್ವಗ ನಾ ಏನ ಹೇಳಲಿ? ನೇಮ ಹಿಡದಾಳ."

"ನೇಮ ಅವರಿಗೆ, ಪಾತ್ರಿ ನನಗ!"

"ಸಾವಕಾಶ ಮಾತಾಡ, ಕೇಳಸತೈತಿ."

"ಕೇಳಸಲಿ ಅಂತನ ಮಾತಾಡಾಕತ್ತೇನಿ."

ಹಿತ್ತಲಲ್ಲಿ ಕಮಲಾಬಾಯಿಗೆ ಚೆನ್ನಾಗಿಯೇ ಕೇಳಿಸಿತು. ಮರುದಿನದಿಂದ ತನ್ನ ಪಾತ್ರೆ ತಾನೇ ತಿಕ್ಕಿದಳು. ಅದರಿಂದ ಭಾಗ್ಯಾಗೆ ಇನ್ನಷ್ಟು ಸಿಟ್ಟು ಬಂತು. ಓಣಿಯವರು ಕಂಡರೆ ಸೊಸೆಗೆ ತಾನೇ ಕೆಟ್ಟ ಹೆಸರು? ಪಕ್ಕದ ಮನೆಯ ಶಂಕ್ರೆವ್ವ ಗೋಡೆಯ ಮೇಲಿಂದ ಇಣುಕಿ "ಯಾಕ ಕಮಲಾಬಾಯಿ, ಹೊರಗ ಅಡಗಿ?" ಎಂದು ಕೇಳಿದಾಗ ಅತ್ತೆ ಸೊಸೆ ಇಬ್ಬರೂ ಒಂದೇ ಉಸಿರಿನಲ್ಲಿ "ಕಟಗಿ ಒಲಿ ರೊಟ್ಟಿ ರುಚಿ ಆಗತೈತಿ" ಎಂದರು. ಮನೆಯ ಜಗಳ ಏನೇ ಇರಲಿ, ದನದ ಮಾಂಸದ ಸುದ್ದಿ ಗೋಡೆ ದಾಟಬಾರದು ಎಂಬುದರಲ್ಲಿ ಮಾತ್ರ ಮನೆಯವರೆಲ್ಲ ಒಂದೇ.

ಶ್ರಾವಣ ಹೋಯಿತು, ಭಾದ್ರಪದ ಬಂತು. ಗೋವಾದ ಹೋಟೆಲಿನ ಮ್ಯಾನೇಜರ್ ಫೋನು ಮಾಡತೊಡಗಿದ. ಕಾರವಾರದವ, ಕನ್ನಡದಲ್ಲೇ ಮಾತಾಡುವವ. ಸೀಜನ್ ಶುರುವಾಗುತ್ತದೆ, ಯಾವಾಗ ಬರುತ್ತಿ ಎಂದು ಕೇಳುವವ. ಸಿದ್ಧಾಂತ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ತಳ್ಳುತ್ತಿದ್ದ. ಒಂದು ಮಧ್ಯಾಹ್ನ ತಾಯಿಯ ಮುಂದೆ ಹೇಳಿದ. ಹಿತ್ತಲ ಬಾಗಿಲು ತೆರೆದೇ ಇತ್ತು.

"ಅವ್ವಾ, ಕ್ಷಮಾವಾಣಿ ಆದ ಮರುದಿನ ಹೋಗತೇನಿ."

"ಹೊಳ್ಳಿ ಅದೇ ಅಡಗಿ ಮನಿಗೇನೋ? ಇಲ್ಲೇ ಏನರ ಮಾಡತೇನಿ ಅಂದಿದ್ದೆಲ್ಲ? ಮದವಿ, ತೊಟ್ಟಿಲ, ಮನಿ ತುಂಬೂ ಕಾರ್ಯಕ್ರಮ, ಜೈನರ ಅಡಗಿ ಹೊಸಾ ನಮೂನಿ ಮಾಡಿ ಕೊಡತೇನಿ ಅಂದಿ."

"ಅಂದಿದ್ದೆ. ಅದೇ ಆಸೇಲೆ ಬಂದಿದ್ದೆ. ಆ ವಾಸನಿ ನನಗೂ ಸಾಕಾಗೇತಿ ಅವ್ವಾ. ಆದರ ಮನಿಯಾಕಿ, ನಮ್ಮ ಆಯಿ ನನ್ನ ಕೈದು ತಿನ್ನಂಗಿಲ್ಲ ಅಂದ್ರ ಊರವರು ಯಾಕ ತಿಂತಾರ? ನಾಕ ಮಂದಿ ಕೇಳತಾರ, ನಾ ಏನ ಹೇಳಲಿ? ಅಲ್ಲಿಗೆ ಹೋದರ ಕೇಳವರಿಲ್ಲ."

ಕಮಲಾಬಾಯಿಯ ಕೈಯಲ್ಲಿದ್ದ ರೊಟ್ಟಿ ತವೆಯ ಮೇಲೆ ಕರಿಕಾಯಿತು. ಹುಡುಗ ಹೋಗುತ್ತಾನೆ. ಹೋಗುವುದು ಎಲ್ಲಿಗೆ, ಅದೇ ಒಲೆಗೆ. ಅವಳಿಗೆ ಒಳಗೆ ಓಡಿಹೋಗಿ "ಬ್ಯಾಡಪಾ" ಅನ್ನಬೇಕೆನಿಸಿತು. ಆದರೆ ಅಂದು ಏನು ಮಾಡುವುದು? ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಹತ್ತೀತೇ? ತಿಂದರೆ ನೇಮಭಂಗ, ಬಿಟ್ಟರೆ ಮೊಮ್ಮಗ ಕೈಬಿಟ್ಟ. ಜೊತೆಗೆ ಅವನು ಖರೆಯಾಗಿಯೂ ನಾಲಿಗೆಗೆ ಹಚ್ಚಿಲ್ಲವೋ ಎಂಬ ಮುಳ್ಳು ಬೇರೆ. ಆ ದಿನ ಕರಕು ರೊಟ್ಟಿಯನ್ನೇ ತಿಂದು ಎದ್ದಳು.

ದಶಲಕ್ಷಣ ಪರ್ವದ ದಿನಗಳು ಉಪವಾಸ, ಪೂಜೆಯಲ್ಲಿ ಕಳೆದವು. ಅದು ಮುಗಿದ ಮೇಲೆ ಕ್ಷಮಾವಾಣಿ. ಅವತ್ತು ಒಬ್ಬರ ಮನೆಗೆ ಒಬ್ಬರು ಹೋಗಿ, ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕೈ ಮುಗಿದು ಕ್ಷಮೆ ಕೇಳುವ ಪದ್ಧತಿ. ಈ ಸಲ ಬಸದಿಯ ಕಮಿಟಿಯವರು ಸಂಜೆ ತಮ್ಮ ಮನೆಗೆ ಬರುತ್ತಾರೆ ಎಂದು ಭೂಪಾಲ ಹೇಳಿದ. ಅವರ ಹಿರಿಯ ಸಾತಪ್ಪ. ಆಚಾರದಲ್ಲಿ ಕಟ್ಟಾ ಮನುಷ್ಯ. ಬೆಳಗ್ಗೆ ಅವನ ಕಿವಿಗೆ ಬಿದ್ದದ್ದು ಸಂಜೆಗೆ ಊರಿಗೆಲ್ಲ ಗೊತ್ತಿರುತ್ತದೆ.

"ಅವತ್ತ ಒಂದ ತಿನಿಸ ನಾ ಮಾಡತೇನಿ ಅಪ್ಪಾ," ಅಂದ ಸಿದ್ಧಾಂತ. "ಹೋಗೂ ಮೊದಲ ಒಂದಽ ಸಲ. ಟೋಸ್ಟ ಮಾಡತೇನಿ."

ಭಾಗ್ಯಾ ಹಣೆ ಬಡಿದುಕೊಂಡಳು. "ಚಾತುರ್ಮಾಸದಾಗ ಬೇಕರಿ ಬ್ರೆಡ್ ಮನಿ ಒಳಗ ಬರಂಗಿಲ್ಲ. ಹುಳಿ ಬರಿಸಿದ್ದು, ಬಾಸಿ, ತಂಗಳದ್ದು. ಸಾತಪ್ಪ ಕಾಕಾ ಹೊಚ್ಚಲಾ ದಾಟಂಗಿಲ್ಲ."

"ಬ್ರೆಡ್ ನಾನೇ ಮಾಡತೇನಿ. ಅವತ್ತಿನ ಹಿಟ್ಟು, ಸೋಡಾ, ಲಿಂಬಿಹುಳಿ. ಹುಳಿ ಬರಸಂಗಿಲ್ಲ."

"ಉಳ್ಳಾಗಡ್ಡಿ ಇಲ್ಲ, ಬೆಳ್ಳೊಳ್ಳಿ ಇಲ್ಲ, ಆಲೂ ಇಲ್ಲ, ಹಸಿ ಶುಂಠಿ ಇಲ್ಲ, ತಪ್ಪಲ ಪಲ್ಯೆ ಇಲ್ಲ. ಮ್ಯಾಲ ಏನ ಹಾಕತಿ, ನಿಮ್ಮಪ್ಪನ ಬೆಲ್ಲಾ?"

"ಕಡ್ಲಿಬ್ಯಾಳಿ ನೆನೆಹಾಕಿ ತರಿತರಿ ರುಬ್ಬಿ ಹುರೀತೇನಿ. ಥೇಟ್ ಆ ಖೀಮಾದಂಗ…" ಎಂದವನು ನಾಲಿಗೆ ಕಚ್ಚಿಕೊಂಡು ಹಿತ್ತಲ ಕಡೆ ನೋಡಿದ. "ಅಲ್ಲ, ಥೇಟ್ ಝುಣಕದಂಗ."

ಭೂಪಾಲ ಟವೆಲು ಬಾಯಿಗೆ ಒತ್ತಿಕೊಂಡು ನಕ್ಕ. ಹಿತ್ತಲಲ್ಲಿ ಕಮಲಾಬಾಯಿ ಗಂಟಲು ಕೆರೆದಳು.

"ಒಂದ ಮಾತ," ಎಂದ ಭೂಪಾಲ ದನಿ ಇಳಿಸಿ. "ಸಾತಪ್ಪ ಕಾಕಾ ಎಲ್ಲಿ ಕಲ್ತಿ ಅಂತ ಕೇಳಿದರ ಪುಣೆ ಅನ್ನೂದು. ಎಲ್ಲಾರೂ ಪುಣೆ. ನೀ ಬಾಯಿ ತಗೀಬ್ಯಾಡ, ನಿನಗ ಸುಳ್ಳ ಹೇಳಾಕ ಬರಂಗಿಲ್ಲ, ನಾ ಹೇಳತೇನಿ."

ಕ್ಷಮಾವಾಣಿಯ ಮಧ್ಯಾಹ್ನ ಮನೆಯೆಲ್ಲ ಗೋಧಿ ಸುಟ್ಟ ಪರಿಮಳ. ಸಿದ್ಧಾಂತ ದಪ್ಪ ಪಾತ್ರೆಗೆ ಉಸುಕು ಹಾಕಿ ಕಾಯಿಸಿ, ಅದರೊಳಗೆ ಹಿಟ್ಟಿನ ಡಬ್ಬಿ ಇಟ್ಟು ಬ್ರೆಡ್ಡು ಬೇಯಿಸಿದ್ದ. ಕಮಲಾಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ಜಪಮಣಿ ಹಿಡಿದು ಕೂತಿದ್ದಳು. ಮಣಿ ಮುಂದೆ ಹೋಗುತ್ತಿದ್ದವು, ಕಿವಿ ಅಡಿಗೆಮನೆಯಲ್ಲೇ ಇತ್ತು. ಪ್ರತಿಯೊಂದು ಸಪ್ಪಳಕ್ಕೂ ಕತ್ತು ಅತ್ತ ತಿರುಗುತ್ತಿತ್ತು. ಇವತ್ತೊಂದು ದಿನ ಕಳೆದರೆ ನಾಳೆ ಇವನಿಲ್ಲ.

ಬಿಸಿಲು ಅಂಗಳ ಬಿಟ್ಟು ಗೋಡೆ ಏರಿತು. ಬ್ರೆಡ್ಡಿನ ತುಂಡು ತುಪ್ಪದಲ್ಲಿ ಗರಿಗರಿ ಕಾದು ತಾಟಿನಲ್ಲಿ ಸಾಲಾಗಿ ಕೂತವು. ಸಿದ್ಧಾಂತ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಗಟ್ಟಿ ಮೊಸರು ಬಿಚ್ಚಿ ಒಂದೊಂದರ ಮೇಲೆ ಬಿಳಿಯಾಗಿ ಸವರಿದ. ಗೋವಾದಲ್ಲಿ ಚೀಜು ಸವರುತ್ತಿದ್ದರು, ಅದರ ಬದಲು ಇದು. ಮೇಲೆ ಹುರಿದ ಕಡಲೆಬೇಳೆ ಇಡಲು ಚಮಚ ಎತ್ತಿದ.

"ಏ! ತಡಿ! ಕೈ ತಗಿ!"

ಕಮಲಾಬಾಯಿ ಬಾಗಿಲಲ್ಲಿದ್ದಳು. ಎಷ್ಟೋ ವಾರಗಳ ಮೇಲೆ ಅಡಿಗೆಮನೆಯ ಹೊಸ್ತಿಲಿಗೆ ಬಂದಿದ್ದಳು. ಮೊಣಕಾಲು ನೋವು ಎಲ್ಲಿ ಹೋಗಿತ್ತೋ.

"ಏನಾತು ಆಯಿ?"

"ಹಸಿ ಮೊಸರಿನ ಮ್ಯಾಲ ಬ್ಯಾಳಿ ಇಡಾಕತ್ತಿಯೇನೋ? ದ್ವಿದಳ ಆಗತೈತಿ! ಮೊಸರು ಬ್ಯಾಳಿ ಕೂಡಿ ಬಾಯಾಗ ಬಿದ್ದರ ಜೀವ ಹುಟ್ಟತಾವಂತ ನಿಮ್ಮಜ್ಜ ಕಡೀ ತನಕ ಹೇಳಿದ. ಸಾತಪ್ಪ ಇದನ್ನ ನೋಡಿದನಂದ್ರ ತಾಟ ತಳ್ಳಿ ಎದ್ದ ಹೋಗತಾನ. ಇನ್ನ ಮುಂದ ಯಾರೂ ನಿನ್ನ ಕೈದು ಮುಟ್ಟಂಗಿಲ್ಲ!"

ಸಿದ್ಧಾಂತನ ಕೈ ಹಾಗೇ ನಿಂತಿತು. "ಅವ್ವಾ, ನಿನಗೂ ನೆನಪಾಗಲಿಲ್ಲೇನು?"

"ಉಳ್ಳಾಗಡ್ಡಿ ಬೆಳ್ಳೊಳ್ಳಿ ಅನ್ನೂದರಾಗ ನಾ ಅದನ್ನ ಮರತೇ ಬಿಟ್ನೆಪಾ!" ಭಾಗ್ಯಾ ಅಳುವ ಹಾಗಾದಳು. "ಈಗ ಏನ ಮಾಡೂದು? ಅವರು ಬರೂ ಹೊತ್ತಾತು."

"ಅಳೂದ ಆಮ್ಯಾಲ. ಆ ಬ್ಯಾಳಿ ಅತ್ತಾಗ ಸರಸ. ನನ್ನ ಗುರೆಳ್ಳಿನ ಡಬ್ಬಿ ತಗೊಂಬಾ, ಹಿಂಗು ಹಾಕಿ ಕುಟ್ಟೇನಿ, ಬೆಳ್ಳೊಳ್ಳಿ ಇಲ್ಲ. ಟೊಮೆಟಿ ಹೆಚ್ಚ. ಗುರೆಳ್ಳಿಗೆ ಮೊಸರಿನ ಕೂಡ ಜಗಳಿಲ್ಲ."

ಕಮಲಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಪ್ಪು ಗುರೆಳ್ಳಿನ, ಅಂದರೆ ಹುಚ್ಚೆಳ್ಳಿನ, ಪುಡಿಗೆ ಬಿಸಿ ತುಪ್ಪ ಬಿಟ್ಟು, ಟೊಮೆಟೊ ಹಾಕಿ ಕಲಸಿದಳು. ಅಜ್ಜಿ ಕಲಸುವುದು, ಮೊಮ್ಮಗ ಟೋಸ್ಟಿನ ಮೇಲೆ ಇಡುವುದು. ಬಿಳಿಯ ಮೇಲೆ ಕಪ್ಪು, ಕಪ್ಪಿನ ನಡುವೆ ಕೆಂಪು.

"ಭಾಗ್ಯಾ, ಒಂದ ಬಾಯಾಗ ಹಾಕ್ಕೊಂಡ ನೋಡ. ನನಗ ತಿನ್ನಾಕ ಬರಂಗಿಲ್ಲ."

ಭಾಗ್ಯಾ ಕಚ್ಚಿದಳು. "ಮ್ಯಾಲಿಂದು ಭಾರಿ ಆಗೇತಿ ಅತ್ತ್ಯಾರ. ಆದರ ಏ ಸಿದ್ದು, ಬ್ರೆಡ್ಡಿಗೆ ಉಪ್ಪೇ ಇಲ್ಲಲ್ಲೋ!" ಬಾಯಿ ಮುಕ್ಕಳಿಸಿ ಬಂದು, ಸರಿಸಿಟ್ಟ ಬೇಳೆಯನ್ನೂ ಚೂರು ಬಾಯಿಗೆ ಹಾಕಿಕೊಂಡಳು. "ಇದಕ್ಕೂ ಇಲ್ಲ! ಇಷ್ಟ ಮಾಡಾಕ ಬರತೈತಿ, ಒಂದ ಚೂರ ಬಾಯಾಗ ಹಾಕ್ಕೊಂಡ ನೋಡಾಕ ಏನ ಧಾಡಿ?"

"ಮರತೆ ಅವ್ವಾ." ಹುಡುಗ ತವೆಯ ಕಡೆ ನೋಡುತ್ತಲೇ ಹೇಳಿದ. "ಮಾಡೂ ಮುಂದ ಬಾಯಿಗೆ ಹಾಕೂ ರೂಢಿನ ಹೋಗೇತಿ. ಒಂದ ದಿನ ಮರತ ಬೆರಳ ನೆಕ್ಕಿಗಿಕ್ಕೇನಂತ ಅಂಜಿ, ಬಲಗೈ ಬಾಯಿ ಕಡೆ ಒಯ್ಯೂದನ್ನ ಬಿಟ್ಟಬಿಟ್ಟಿದ್ದೆ. ಉಪ್ಪು ಅಂತೋನಿ ನೋಡತಿದ್ದ. ಈಗ ಅಂತೋನಿ ಎಲ್ಲಿಂದ ತರಲಿ?"

ಕಮಲಾಬಾಯಿಯ ಕೈಯೊಳಗಿನ ಸೌಟು ನಿಂತಿತು. ಜೂನಿನಿಂದ ದಿನಾಲೂ ಉಪ್ಪು ಕಡಿಮೆ. ದೊಡ್ಡ ಊರಿನ ರೂಢಿ ಎಂದುಕೊಂಡಿದ್ದಳಲ್ಲ! ಇವನಿಗೆ ತನ್ನ ಬಾಯಿ ಇದೆ ಎಂಬುದೇ ಮರೆತುಹೋಗಿತ್ತು, ಅದೂ ಮನೆಯ ಮಾತು ಉಳಿಸಲು ಹೋಗಿ. ಹುಡುಗ ಖರೆ ಹೇಳಿದ್ದ, ಮೊದಲ ದಿನವೇ ಹೇಳಿದ್ದ. ಅವಳಿಗೆ ಎಷ್ಟು ಸಂತೋಷವಾಯಿತೋ ಅಷ್ಟೇ ನಾಚಿಕೆಯೂ ಆಯಿತು. ಕಣ್ಣು ತುಂಬಿದವು. ಹೊಗೆ ಎಂದು ನೆಪ ಹೇಳೋಣವೆಂದರೆ ಅದು ಗ್ಯಾಸಿನ ಒಲೆ.

"ಗುರೆಳ್ಳಿಗೆ ಇನ್ನೊಂದ ಚಿಟಿಕಿ ಉಪ್ಪ ಹಾಕತೇನಿ, ಕೂಡಿ ಸರಿ ಆಗತೈತಿ," ಎಂದಳು, ಇಷ್ಟೇ.

ಹೊರಗೆ ಚಪ್ಪಲಿ ಸಪ್ಪಳವಾಯಿತು. ಸಾತಪ್ಪ ಕಮಿಟಿಯವರ ಜೊತೆ ಬಂದ. ಗೋಡೆಯಾಚೆಯ ಶಂಕ್ರೆವ್ವನೂ ವಾಸನೆ ಹಿಡಿದು ಬಂದಳು. ಎಲ್ಲರೂ ಎಲ್ಲರಿಗೂ ಕೈ ಮುಗಿದು ಕ್ಷಮೆ ಕೇಳಿದ್ದಾಯಿತು. ಹೊತ್ತು ಮುಳುಗುವುದರೊಳಗೆ ತಿಂದು ಮುಗಿಸಬೇಕು ಎಂದು ಭಾಗ್ಯಾ ಗಡಿಬಿಡಿಯಲ್ಲಿ ತಾಟು ತಂದಳು.

ಸಾತಪ್ಪ ಮೊದಲು ಟೋಸ್ಟನ್ನು ಎತ್ತಿ ಕೆಳಗಿಂದ ನೋಡಿದ, ಪಕ್ಕದಿಂದ ನೋಡಿದ. "ಬೇಕರಿದೇನು?"

"ಇವತ್ತ ಮನ್ಯಾಗ ಮಾಡಿದ್ದು ಅಜ್ಜಾರ, ಹುಳಿ ಬರಿಸಿಲ್ರಿ," ಅಂದ ಸಿದ್ಧಾಂತ.

"ಮ್ಯಾಲ ಬ್ಯಾಳಿ ಏನರ?"

"ಗುರೆಳ್ಳರೀ."

ಸಾತಪ್ಪ ಕಚ್ಚಿದ. ಕುರುಂ ಎಂದು ಸಪ್ಪಳವಾಯಿತು. ಅಗಿದ, ಕಣ್ಣು ಮುಚ್ಚಿದ, ಇನ್ನೊಂದು ಕಚ್ಚಿದ. ಶಂಕ್ರೆವ್ವ ಅಷ್ಟರಲ್ಲಿ ಎರಡನೆಯದಕ್ಕೆ ಕೈ ಹಾಕಿದ್ದಳು.

"ಭಲೆ ಹುಡುಗಾ! ಇಂಥಾದ್ದ ನಾ ಎಲ್ಲೂ ತಿಂದಿಲ್ಲ. ಎಲ್ಲಿ ಕಲ್ತೀಪಾ ಇದನ್ನ?"

ಸಿದ್ಧಾಂತ ಅಪ್ಪನ ಮುಖ ನೋಡಿದ. ಭೂಪಾಲ ಬಾಯಿ ತೆರೆದ. "ಅದು ಪುಣೆ…"

"ಗೋವಾದಾಗ," ಎಂದಳು ಕಮಲಾಬಾಯಿ.

ಭೂಪಾಲ "ಅವ್ವಾ" ಎಂದು ಮೆಲ್ಲಗೆ ಅಂದ. ಕಮಲಾಬಾಯಿ ಹೊಸ್ತಿಲು ದಾಟಿ ಪಡಸಾಲೆಯ ನಡುವೆ ಬಂದು ನಿಂತಳು.

"ಗೋವಾದ ಹೋಟೆಲಿನಾಗ ಕಲ್ತಾನ ಸಾತಪ್ಪಾರ. ಅಲ್ಲಿ ಇದರ ಮ್ಯಾಲ ದನದ ಮಾಂಸ ಹಾಕತಿದ್ದರು. ಇಂವ ತನ್ನ ಕೈಲೆ ಹಾಕಿ ಮಾಡ್ಯಾನ. ತಿಂದಿಲ್ಲ."

ಯಾರೂ ಅಗಿಯಲಿಲ್ಲ. ಶಂಕ್ರೆವ್ವನ ಕೈ ಬಾಯಿಯ ಹತ್ತಿರ ನಿಂತುಬಿಟ್ಟಿತು.

"ತಿಂದಿಲ್ಲಂತ ನಿಮಗ ಹೆಂಗ ಗೊತ್ತ?" ಸಾತಪ್ಪ ಕೇಳಿದ.

"ಉಪ್ಪಿನಿಂದ ಗೊತ್ತಾತು. ಬ್ರೆಡ್ಡಿನ ಒಂದ ತುದಿ ಬರೇದ ತಿಂದ ನೋಡ್ರಿ, ಉಪ್ಪಿಲ್ಲ. ಮಾಡೂ ಮುಂದ ಬಾಯಿಗೆ ಹಾಕೂ ರೂಢಿನ ಬಿಟ್ಟಾನ ಹುಡುಗ, ಎಲ್ಲಿ ತಪ್ಪಿ ನಾಲಿಗಿಗೆ ಹತ್ತೀತಂತ. ಇಷ್ಟ ದಿನ ಮನ್ಯಾಗಿದ್ದು ನನಗ ತಿಳೀಲಿಲ್ಲ."

"ತಿನ್ನದಿದ್ದರೂ ಮಾಡ್ಯಾನಲ್ಲ. ಮಾಡೂದು ಪಾಪ ಅಲ್ಲೇನು?"

"ಹೌದ್ರಿ," ಅಂದ ಸಿದ್ಧಾಂತ, ತಲೆ ತಗ್ಗಿಸಿ. "ಅದಕ್ಕ ಆ ಕೆಲಸ ಬಿಡಬೇಕಂತನ ಬಂದಿದ್ದೆ."

"ಬಿಡಬೇಕಂತನ ಬಂದಿದ್ದ. ನಾ ಇವನ ಕೈದು ತಿನ್ನಂಗಿಲ್ಲ ಅಂತ ನೇಮ ಹಿಡದೆ." ಕಮಲಾಬಾಯಿ ಹಿತ್ತಲಿನ ಒಲೆಯ ಕಡೆ ಕೈ ತೋರಿಸಿದಳು. "ಮನಿಯಾಕಿ ತಿನ್ನದಿದ್ದರ ಊರವರು ತಿಂತಾರೇನು ಅಂತ ಇಂವ ಹೊಳ್ಳಿ ಹೊಂಟಾನ. ನಾಳಿ ಮುಂಜಾನಿ ಬಸ್ಸಿಗೆ. ಮಾಡಿದರೂ ಪಾಪ, ಮಾಡಿಸಿದರೂ ಪಾಪ ಅಂತ ಇವಗ ಬೈದಾಕಿ ನಾನು. ಈಗ ಅದೇ ಒಲಿಗೆ ದಬ್ಬಿ ಮಾಡಸಾಕಿ ಯಾರಾದ್ರು? ನಾನೇ ಆದ್ನೆಲ್ರಿ!"

ಮೊಮ್ಮಗನ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು. "ಸಿದ್ದು, ತಪ್ಪಾತಪಾ. ಕ್ಷಮಾ ಮಾಡು."

"ಆಯಿ, ಬ್ಯಾಡ!" ಎಂದು ಹುಡುಗ ಅವಳ ಕೈ ಹಿಡಿದುಕೊಂಡು ಕಾಲ ಮೇಲೆ ಬಗ್ಗಿದ. ಭಾಗ್ಯಾ ಸೆರಗಿನಿಂದ ಮುಖ ಒರೆಸಿಕೊಂಡಳು. ಆದರೆ ಎಲ್ಲರ ಕಣ್ಣೂ ಈಗ ಸಾತಪ್ಪನ ತಾಟಿನ ಮೇಲೆ. ಅವನು ಅದನ್ನು ಕೆಳಗಿಟ್ಟರೆ ಮುಗಿಯಿತು, ನಾಳೆ ಈ ಓಣಿಯಲ್ಲಿ ಹುಡುಗನ ಕೈಯಿಂದ ನೀರೂ ಯಾರೂ ಕುಡಿಯರು.

ಸಾತಪ್ಪ ಅರ್ಧ ತಿಂದ ಟೋಸ್ಟಿನ ಅಂಚು ಮುರಿದು ಬರಿದೇ ಬಾಯಿಗೆ ಹಾಕಿಕೊಂಡ. ನಿಧಾನ ಅಗಿದ. "ಉಪ್ಪಿಲ್ಲ, ಖರೆ," ಎಂದ. ಆಮೇಲೆ ಕತ್ತು ಉದ್ದ ಮಾಡಿ ಬಾಗಿಲ ಹೊರಗೆ ಆಕಾಶ ನೋಡಿದ.

"ಭೂಪಾಲ, ಹೊತ್ತ ಮುಣಗಾಕ ಇನ್ನ ಎಷ್ಟೈತಿ?"

"ಇನ್ನ… ಇನ್ನ ಒಂದೀಟ ಐತ್ರಿ ಕಾಕಾ."

"ಹಂಗಾರ ಎಲ್ಲಾರೂ ಗರ ಬಡದವರಂಗ ಯಾಕ ನಿಂತೀರಿ? ತಮ್ಮಾ, ಇನ್ನೆರಡ ಹಾಕ ಇಲ್ಲಿ, ಲಗೂನ!"

ಶಂಕ್ರೆವ್ವನ ಕೈ ಬಾಯಿ ಮುಟ್ಟಿತು. ಕಮಿಟಿಯವರೆಲ್ಲ ಒಮ್ಮೆಲೇ ಮಾತಾಡತೊಡಗಿದರು, ಒಮ್ಮೆಲೇ ಕೇಳತೊಡಗಿದರು. ಸಿದ್ಧಾಂತ ಅಡಿಗೆಮನೆಗೆ ಓಡಿದ. ಕಮಲಾಬಾಯಿ ಹಿಂದೆಯೇ ಹೋಗಿ ತುಪ್ಪ ಬಿಟ್ಟಳು, ಟೋಸ್ಟು ಹೊರಳಿಸಿದಳು, "ಅದನ್ನ ತಗಿ, ಇದನ್ನ ಹಾಕ, ಕರಕಾಗತೈತಿ" ಎಂದು ಅವನನ್ನು ಕುಣಿಸಿದಳು. "ಬರೂ ತಿಂಗಳ ನನ್ನ ಮೊಮ್ಮಗಳ ತೊಟ್ಟಲದಾಗ ಇದನ್ನ ಮಾಡಿ ಕೊಡತಾನೇನು?" ಎಂದು ಶಂಕ್ರೆವ್ವ ಹೊರಗಿನಿಂದಲೇ ಕೂಗಿದಳು. "ಕೊಡತಾನ, ಕೊಡತಾನ, ಉಪ್ಪು ನಾ ನೋಡತೇನಿ" ಎಂದು ಭಾಗ್ಯಾ ಕೂಗಿ ಹೇಳಿದಳು. ಸಾತಪ್ಪ ಸೂರ್ಯನ ಮೇಲೆ ಒಂದು ಕಣ್ಣು, ತಾಟಿನ ಮೇಲೆ ಒಂದು ಕಣ್ಣು ಇಟ್ಟು ಕೊನೆಯ ತುತ್ತು ನುಂಗಿ ನೀರು ಕುಡಿದ. ಹೊತ್ತು ಮುಳುಗಿತು, ಆಕಾಶದ ಕೆಂಪೂ ಹೋಯಿತು. ಬಂದವರು ಎದ್ದು ಹೋದರು.

ಭಾಗ್ಯಾ ಖಾಲಿ ತಾಟು ಎತ್ತುತ್ತ ಒಮ್ಮೆಲೇ ನಿಂತಳು. "ಅತ್ತ್ಯಾರ! ನೀವು ಉಂಡೇ ಇಲ್ಲಲ್ರಿ! ಹೊತ್ತು ಮುಣಗೇ ಹೋತು."

ನಿಜ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ, ಉಪವಾಸದ ದಿನ ಬಿಟ್ಟು, ಹೊತ್ತು ಮುಳುಗುವ ಮೊದಲಿನ ಊಟ ತಪ್ಪಿಸದ ಕಮಲಾಬಾಯಿ ಇವತ್ತು ಒಲೆಯ ಮುಂದೆ ತನ್ನ ಹೊಟ್ಟೆಯನ್ನೇ ಮರೆತಿದ್ದಳು. ಇನ್ನು ನಾಳೆ ಬೆಳಗಿನವರೆಗೆ ಏನೂ ಇಲ್ಲ.

"ಇರಲಿ ಬಿಡ. ಹಸಿವಿನ ಇಲ್ಲ ನನಗ," ಎಂದಳು. ಅವಳ ಮುಖ ನೋಡಿದರೆ ಖರೆ ಅನಿಸುತ್ತಿತ್ತು.

ಆಗ ಸಿದ್ಧಾಂತನ ಮೊಬೈಲು ರಿಂಗಾಯಿತು. ಅವನು ಹೆಸರು ನೋಡಿ ಅಜ್ಜಿಯ ಮುಖ ನೋಡಿದ. "ಮ್ಯಾನೇಜರ್. ನಾಳಿ ಬರತೇನಿ ಅಂತ ಹೇಳಿದ್ದೆ. ಆಯಿ, ನಿನ್ನ ನೇಮ ಇನ್ನೂ ದೀಪಾವಳಿ ತನಕ ಐತೆಲ್ಲ. ಅಲ್ಲೀ ತನಕ ಕುಂತರ ಆ ನೌಕರಿ ಉಳಿಯಂಗಿಲ್ಲ."

"ಇಲ್ಲಿ ಕೊಡ ಅದನ್ನ."

ಮೊಬೈಲನ್ನು ಕಿವಿಗೆ ಒತ್ತಿಕೊಂಡು, ಗೋವಾದವರೆಗೆ ತಾನಾಗಿಯೇ ಕೇಳಿಸಬೇಕೆಂಬಂತೆ ಕೂಗಿದಳು. "ಯಾರ್ರೀ, ಮ್ಯಾನೇಜರ? ನಾ ಸಿದ್ಧಾಂತನ ಅಜ್ಜಿ ಮಾತಾಡಾಕತ್ತೇನಿ. ನಮ್ಮ ಹುಡುಗ ನಾಳಿ ಬರಂಗಿಲ್ರಿ. ನಾಡದೂ ಬರಂಗಿಲ್ಲ."

ಆ ಕಡೆಯಿಂದ ಏನೋ ಕೇಳಿದ ಹಾಗಾಯಿತು. ಕಮಲಾಬಾಯಿ ಮೊಮ್ಮಗನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಯಾಕ ಅಂದ್ರ? ಇವತ್ತ ಊರ ಮಂದಿ ಎಲ್ಲಾ ಇವನ ಕೈದು ತಿಂದ ಹೋತರಿ. ನಾ ಒಬ್ಬಾಕಿನ ಇನ್ನೂ ತಿಂದಿಲ್ಲ."